ನಾಲ್ಕು ಸೀಟಿನ ನೌಕೆ

ಅಮ್ಮ ತೀರಿಕೊಂಡ ವರ್ಷ ನಮ್ಮ ಮನೆಯಲ್ಲಿ ಒಲೆಯ ಮೇಲೆ ಬಾಣಲೆ ಇಡಲಿಲ್ಲ. ಕರಿದದ್ದು ಇಲ್ಲ, ಸಿಹಿ ಇಲ್ಲ, ಬಾಗಿಲ ಮುಂದೆ ರಂಗೋಲಿ ಇಲ್ಲ, ಹೊಸ ಬಟ್ಟೆ ಇಲ್ಲ. ದೀಪಾವಳಿಗೆ ಪಕ್ಕದ ಫ್ಲ್ಯಾಟಿನ ಆಂಟಿ ಮಿಠಾಯಿ ಡಬ್ಬಿ ಹಿಡಿದು ಬಂದಾಗ ಅಜ್ಜಿ ಹೊಸ್ತಿಲಲ್ಲೇ ಕೈ ಮುಗಿದು "ಏಕ್ ಸಾಲ್", ಒಂದು ವರ್ಷ, ಎಂದಳು. ಮೈಸೂರಿನಿಂದ ಬಂದಿದ್ದ ಅವಳಿಗೆ ಆಗ ಬರುತ್ತಿದ್ದ ಹಿಂದಿ ಹೆಚ್ಚುಕಡಿಮೆ ಅಷ್ಟೇ. ಆಂಟಿ ಅರ್ಥ ಮಾಡಿಕೊಂಡು ಡಬ್ಬಿಯನ್ನು ವಾಪಸು ಒಯ್ದರು. ಹೋಳಿ ಹಬ್ಬದಲ್ಲಿ ಬಣ್ಣ ಹಿಡಿದು ಬಂದ ಮಕ್ಕಳಿಗೂ ಅದೇ ಉತ್ತರ ಸಿಕ್ಕಿತು. ಮನೆಯಲ್ಲಿ ಉಳಿದಿದ್ದವರು ಅಪ್ಪ, ಅಪ್ಪನ ತಾಯಿಯಾದ ಅಜ್ಜಿ, ಹನ್ನೆರಡು ವರ್ಷದ ನಾನು ಮತ್ತು ನನ್ನ ತಮ್ಮ ಅನಿ. ಅವನು ಆಗ ಒಂದನೇ ಕ್ಲಾಸು.

ದೆಹಲಿಯ ದ್ವಾರಕಾದ ಹೌಸಿಂಗ್ ಸೊಸೈಟಿಯೊಂದರಲ್ಲಿ, ಮೂರನೇ ಮಹಡಿಯಲ್ಲಿ ನಮ್ಮ ಮನೆ. ಎರಡು ಮಲಗುವ ಕೋಣೆ, ಊಟದ ಮೇಜನ್ನೂ ದಿವಾನನ್ನೂ ಒಟ್ಟಿಗೆ ಹಿಡಿಸಿಕೊಂಡ ಹಾಲ್, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಚಿಕ್ಕ ಕೋಣೆಯಲ್ಲಿ ಅಮ್ಮ ಕೊನೆಯ ತಿಂಗಳುಗಳನ್ನು ಕಳೆದಿದ್ದಳು. ಬಾಡಿಗೆಗೆ ತಂದಿದ್ದ ಆಸ್ಪತ್ರೆ ಮಂಚ ವಾಪಸು ಹೋಗಿತ್ತು. ಅದರ ಚಕ್ರಗಳು ಮೊಸಾಯಿಕ್ ನೆಲದ ಮೇಲೆ ಬಿಟ್ಟ ಕಂದು ಗುರುತುಗಳು ಉಳಿದಿದ್ದವು. ಕೋಣೆಗೆ ಬೀಗ ಹಾಕಿರಲಿಲ್ಲ, ಆದರೆ ಅಲ್ಲಿ ಯಾರೂ ಮಲಗುತ್ತಿರಲಿಲ್ಲ. ಅಜ್ಜಿ ಹಾಲ್‌ನಲ್ಲಿದ್ದ ದಿವಾನಿನ ಮೇಲೆ, ಅಪ್ಪ ನಮ್ಮಿಬ್ಬರು ಮಕ್ಕಳ ಜೊತೆ ದೊಡ್ಡ ಕೋಣೆಯಲ್ಲಿ. ಮಳೆಗಾಲದಲ್ಲಿ ಮಾತ್ರ ಆ ಚಿಕ್ಕ ಕೋಣೆಯಲ್ಲಿ ಹಗ್ಗ ಕಟ್ಟಿ, ಫ್ಯಾನ್ ಹಾಕಿ ಬಟ್ಟೆ ಒಣಗಿಸುತ್ತಿದ್ದೆವು. ಆಗಸ್ಟಿನ ದೆಹಲಿಯಲ್ಲಿ ಬಾಲ್ಕನಿಗೆ ಹಾಕಿದ ಟವೆಲ್ ಎರಡು ದಿನವಾದರೂ ತೇವವಾಗಿಯೇ ಇರುತ್ತದೆ.

ಅಪ್ಪ ಕೇಂದ್ರ ಸರ್ಕಾರದ ಅಧಿಕಾರಿ. ಬೆಳಗ್ಗೆ ಮೆಟ್ರೋ ಹಿಡಿದು ಹೋಗಿ ಕತ್ತಲಾಗುವ ಹೊತ್ತಿಗೆ ಬರುತ್ತಿದ್ದರು. ಅಜ್ಜಿ ಟಿವಿಯಲ್ಲಿ ಹಾಡು ಕುಣಿತ ಕೇಳಿಸಬಾರದೆಂದು ಹೇಳಿದ ಮೇಲೆ ಅಪ್ಪ ಸುದ್ದಿಯನ್ನೂ ಸದ್ದಿಲ್ಲದೆ ನೋಡತೊಡಗಿದರು. ನಾವು ಸಾರು, ಪಲ್ಯ, ಮೊಸರು ಊಟ ಮಾಡುವಾಗ ಪರದೆಯ ಮೇಲೆ ಜನ ಬಾಯಿ ತೆರೆದು ಮುಚ್ಚುತ್ತಿದ್ದರು. ಏನಾಯಿತೆಂದು ತಿಳಿಯಬೇಕಾದರೆ ಕೆಳಗೆ ಓಡುವ ಅಕ್ಷರ ಓದಬೇಕು. ನಾನು ಓದಿ ಅಜ್ಜಿಗೆ ಕನ್ನಡದಲ್ಲಿ ಹೇಳುತ್ತಿದ್ದೆ: ಇಷ್ಟು ಜನ, ಇಂಥ ಊರು, ಇಂಥ ಕಾರಣ. ಮನೆಯ ವಿಷಯವನ್ನೂ ಹಾಗೇ ಒಪ್ಪಿಸುವ ಅಭ್ಯಾಸವಾಯಿತು. ಅನಿಗೆ ಜ್ವರ, ನೂರೊಂದು ಡಿಗ್ರಿ. ಗ್ಯಾಸ್ ಮುಗಿದಿದೆ, ಬುಕ್ ಮಾಡಿದ್ದೇನೆ. ಅಪ್ಪ "ಹೂಂ" ಎನ್ನುತ್ತಿದ್ದರು. ನಾನು ಆ ವರ್ಷ ಅತ್ತ ನೆನಪಿಲ್ಲ. ಬೇರೆಯವರು ಅತ್ತದ್ದನ್ನೂ ನೋಡಿದ ನೆನಪಿಲ್ಲ.

ಅನಿಯ ಹುಟ್ಟಿದ ದಿನ ಅಮ್ಮ ತೀರಿಕೊಂಡ ತಾರೀಖಿನ ಮರುವಾರವೇ ಬರುತ್ತದೆ. ಹಾಗಾಗಿ ಅವನಿಗೆ ಆರು ತುಂಬಿದ ದಿನ ಹದಿಮೂರು ದಿನದ ಕರ್ಮಗಳ ನಡುವೆ ಸಿಕ್ಕಿ, ಯಾರೂ ಗಮನಿಸದೆ ಹೋಯಿತು. ಸಂಜೆ ಅವನೇ ಬಂದು, ತಲೆ ಬೋಳಿಸಿಕೊಂಡು ಚಾಪೆಯ ಮೇಲೆ ಕೂತಿದ್ದ ಅಪ್ಪನ ಮುಂದೆ ನಿಂತು ಜ್ಞಾಪಿಸಿದ. ಅಪ್ಪ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ ಮಾತು ನನಗೆ ಪೂರ್ತಿ ನೆನಪಿದೆ.

"ಒಂದು ವರ್ಷ ಅಷ್ಟೇ, ಪುಟ್ಟ. ವರ್ಷ ಮುಗೀಲಿ, ಎಲ್ಲ ಮೊದಲಿನ ಥರ ಆಗತ್ತೆ. ಮುಂದಿನ ಬರ್ತ್‌ಡೇಗೆ ರಾಕೆಟ್ ಕೇಕ್. ನಿನ್ನ ಫ್ರೆಂಡ್ಸ್ ಎಲ್ರನ್ನೂ ಕರಿಯೋಣ."

ಅನಿ ಈ ಮಾತನ್ನು ಇಟ್ಟುಕೊಂಡು ವರ್ಷ ಕಳೆದ. ನೀರಿನ ಫಿಲ್ಟರ್ ಬಂದಿದ್ದ ಪೆಟ್ಟಿಗೆಯನ್ನು ಬಾಲ್ಕನಿಗೆ ಎಳೆದುಕೊಂಡು ಅದನ್ನು ಅಂತರಿಕ್ಷ ನೌಕೆ ಮಾಡಿದ್ದ. ಪಟಾಕಿ ಹೊಡೆಯಲು ಗೆಳೆಯರು ಕೆಳಗೆ ಕರೆದರೆ ಪೆಟ್ಟಿಗೆಯೊಳಗೆ ಕೂತು "ಏಕ್ ಸಾಲ್ ಕೇ ಬಾದ್", ಒಂದು ವರ್ಷ ಆದ ಮೇಲೆ, ಎಂದು ಕೂಗುತ್ತಿದ್ದ. ಅಜ್ಜಿಯ ಉತ್ತರ ಅವನ ಉತ್ತರವೂ ಆಗಿತ್ತು. ಹಟ ಮಾಡಲಿಲ್ಲ. ಬಂದವರೆಲ್ಲ ಇವನೆಷ್ಟು ಜಾಣ ಎಂದು ಹೋಗುತ್ತಿದ್ದರು.

ಮುಂದಿನ ಆಗಸ್ಟಿನಲ್ಲಿ, ಸ್ವಾತಂತ್ರ್ಯ ದಿನದ ಗಾಳಿಪಟಗಳು ಇನ್ನೂ ಎದುರು ಬ್ಲಾಕಿನ ತಂತಿಗಳಿಗೆ ನೇತಾಡುತ್ತಿದ್ದಾಗ, ಅಪ್ಪ ಆಫೀಸಿನಿಂದ ಬಂದು ಶೂ ಬಿಚ್ಚುತ್ತ ಅಜ್ಜಿಗೆ ಹೇಳಿದರು. ಅಜ್ಜಿ ಮೇಜಿನ ಮೇಲೆ ಪೇಪರ್ ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು.

"ಅಮ್ಮ, ಶನಿವಾರ ಅನಿ ಬರ್ತ್‌ಡೇ. ಕೇಕ್ ಹೇಳ್ತೀನಿ. ವರ್ಷ ಮುಗೀತಲ್ಲ."

"ಯಾವ ವರ್ಷ ಮುಗೀತು, ಸೀನು?"

"ಹೋದ ವಾರ ಆಯ್ತಲ್ಲ ಅಮ್ಮ."

"ಅದು ನಿನ್ನ ಆಫೀಸಿನ ವರ್ಷ. ಮಧ್ಯ ಅಧಿಕ ಆಷಾಢ ಬಂದು ಹೋಗಿದ್ದು ನಿಮ್ಮ ಮಿನಿಸ್ಟ್ರಿಗೆ ತಿಳೀಲಿಲ್ವಾ? ವರ್ಷಾಬ್ದಿಕ ಇನ್ನೂ ಆಚೆಗಿದೆ. ಈ ಸಲ ಹದಿಮೂರು ತಿಂಗಳು."

ಅಪ್ಪ ಒಂದು ಶೂ ಕೈಯಲ್ಲೇ ಹಿಡಿದುಕೊಂಡು ಕೂತರು. ನಮ್ಮ ಕಡೆಯ ಲೆಕ್ಕದಲ್ಲಿ ಎರಡು ಮೂರು ವರ್ಷಕ್ಕೊಮ್ಮೆ ಒಂದು ತಿಂಗಳು ಎರಡು ಸಲ ಬರುತ್ತದೆ. ಆ ಹೆಚ್ಚಿನ ತಿಂಗಳನ್ನು ಅಧಿಕ ಮಾಸ ಎನ್ನುತ್ತಾರೆ. ಸತ್ತವರ ವರ್ಷ ಮುಗಿಯುವುದು ತಿಥಿಯ ಪ್ರಕಾರ, ತಾರೀಖಿನ ಪ್ರಕಾರವಲ್ಲ. ಹಾಗಾಗಿ ಅಮ್ಮನ ವರ್ಷ ಕ್ಯಾಲೆಂಡರಿನ ವರ್ಷಕ್ಕಿಂತ ಉದ್ದವಾಗಿತ್ತು. ಅನಿಯ ಹುಟ್ಟಿದ ದಿನ ಆ ಹೆಚ್ಚುವರಿ ತುಂಡಿನೊಳಗೆ ಬಿದ್ದಿತ್ತು.

"ಅಧಿಕದ ಮಾಸಿಕಾನೂ ನೀನೇ ಮಾಡಿದೀಯ," ಅಜ್ಜಿ ಸೊಪ್ಪಿನಿಂದ ಕಣ್ಣೆತ್ತದೆ ಹೇಳಿದಳು. "ಪುರೋಹಿತರು ಕೂರು ಅಂದ್ರು, ಕೂತೆ. ಏಳು ಅಂದ್ರು, ಎದ್ದೆ. ಯಾಕೆ ಈ ತಿಂಗಳು ಎರಡು ಸಲ ಅಂತ ಕೇಳ್ಲಿಲ್ಲ."

"ಹುಡುಗನಿಗೆ ಮಾತು ಕೊಟ್ಟಿದೀನಿ."

"ಪಂಚಾಂಗ ನೋಡಿ ಕೊಡಬೇಕಿತ್ತು."

ಇಷ್ಟೇ ಜಗಳ. ಅಪ್ಪ ಎರಡನೇ ಶೂ ಬಿಚ್ಚಿ, ಟಿವಿ ಹಾಕಿ, ಸದ್ದು ಕಳೆದರು. ಸ್ವಲ್ಪ ಹೊತ್ತಿನ ಮೇಲೆ ನನ್ನ ಕಡೆ ತಿರುಗಿ, "ವಸು, ನೀನೇ ಅವನಿಗೆ ಹೇಳ್ಬಿಡು" ಎಂದರು. ಹೇಳುವ ಕೆಲಸ ನನ್ನದೆಂದು ಆಗಲೇ ನಿಗದಿಯಾಗಿತ್ತು, ಹಾಗಾಗಿ ಆಶ್ಚರ್ಯವಾಗಲಿಲ್ಲ. ಬರಿಗೈಯಲ್ಲಿ ಹೋಗಿ ಹೇಳಲು ಮಾತ್ರ ಮನಸ್ಸಾಗಲಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜಿಯನ್ನು ಕೇಳಿದೆ.

"ಕೇಕ್ ಬೇಡ, ಆರತಿ ಬೇಡ, ಯಾರೂ ಬರೋದು ಬೇಡ. ಒಂದು ಕಾರ್ಡ್ ಮಾಡಿ ಕೊಡಬಹುದಾ?"

"ಕಾಗದ್ದು ತಾನೆ?"

"ಹೂಂ."

"ಕಾಗದಕ್ಕೇನು ಸೂತಕ? ಸತ್ತ ಸುದ್ದೀನೂ ಅದರಲ್ಲೇ ಬರತ್ತೆ, ಮದುವೆ ಸುದ್ದೀನೂ ಅದರಲ್ಲೇ ಬರತ್ತೆ. ಮಾಡ್ಕೋ. ಮೂಲೆಗೆ ಅರಿಶಿನ ಮಾತ್ರ ಹಚ್ಚಬೇಡ."

ಅನಿ ಬಾಲ್ಕನಿಯ ಪೆಟ್ಟಿಗೆಯಲ್ಲಿದ್ದ. ನಾನು ಹೊರಗೆ ನೆಲದ ಮೇಲೆ ಕೂತು, ಅವನಿಗೆ ಒಪ್ಪಿಗೆಯಾಗುವ ಭಾಷೆಯಲ್ಲಿ ವಿವರಿಸಿದೆ. ಅಂತರಿಕ್ಷದಲ್ಲಿ ಬಹಳ ವೇಗವಾಗಿ ಹೋದರೆ ಸಮಯ ಬೇರೆ ಥರ ನಡೆಯುತ್ತದೆ ಎಂದು ಅವನೇ ನನಗೆ ಟಿವಿ ನೋಡಿ ಹೇಳಿದ್ದ. ಭೂಮಿಯಲ್ಲೂ ಒಮ್ಮೊಮ್ಮೆ ಹಾಗಾಗುತ್ತದೆ, ಒಂದು ತಿಂಗಳು ಎರಡು ಸಲ ಬರುತ್ತದೆ, ಈ ವರ್ಷ ಹಾಗಾಗಿದೆ, ಅದಕ್ಕೇ ವರ್ಷ ಇನ್ನೂ ಮುಗಿದಿಲ್ಲ ಎಂದೆ. ಅವನಿಗೆ ಬೇಜಾರಿಗಿಂತ ಕುತೂಹಲವೇ ಹೆಚ್ಚಾಯಿತು.

"ಸಚ್ಚೀ? ಟೈಮ್ ವಾಪಸ್ ಬಂತಾ?"

"ವಾಪಸ್ ಅಲ್ಲ. ಒಂದು ತಿಂಗಳು ಎಕ್ಸ್‌ಟ್ರಾ."

"ಅಜ್ಜಿಗೆ ಹೇಗೆ ಗೊತ್ತು? ಅಜ್ಜಿ ಸೈಂಟಿಸ್ಟ್ ಹೈ ಕ್ಯಾ?"

"ಅವಳ ಹತ್ರ ಪುಸ್ತಕ ಇದೆ."

ಅವನು ಪೆಟ್ಟಿಗೆಯೊಳಗೆ ಮೊಣಕಾಲು ಮಡಚಿ ಯೋಚಿಸಿದ. ಆಮೇಲೆ ಕೇಳಿದ.

"ಹಾಗಾದ್ರೆ ಅಮ್ಮ ಬರೋದೂ ಲೇಟಾ?"

ಎದುರು ಬ್ಲಾಕಿನಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು. ಅದು ಕೂಗಿ ಮುಗಿಯುವವರೆಗೆ ನಾನು ಕಾದೆ. ಎಲ್ಲ ಮೊದಲಿನ ಥರ ಆಗುತ್ತದೆ ಎಂದು ಅಪ್ಪ ಹೇಳಿದ್ದರು. ಆರು ವರ್ಷದವನ ಲೆಕ್ಕದಲ್ಲಿ ಆ 'ಎಲ್ಲ'ದಲ್ಲಿ ಅಮ್ಮ ಮೊದಲು ಬರುತ್ತಿದ್ದಳು. ವರ್ಷವಿಡೀ ಅವನು ಕೇಕಿಗಾಗಿ ಕಾದಿದ್ದನೆಂದು ನಾವು ತಿಳಿದಿದ್ದೆವು. "ಅಪ್ಪನ್ನ ಕೇಳ್ತೀನಿ," ಎಂದೆ. "ನಿನಗೆ ಕಾರ್ಡ್ ಮಾಡ್ತೀನಿ. ಎಳೆದರೆ ತೆಗೆಯೋದು, ತಿರುಗಿಸೋದು ಎಲ್ಲ ಇರೋದು. ಹೇಗಿರಬೇಕು ಹೇಳು."

ಅವನು ಹೇಳಿದ. ನೌಕೆಗೆ ದುಂಡು ಕಿಟಕಿ ಬೇಕು, ಕಿಟಕಿಯಲ್ಲಿ ಗ್ರಹಗಳು ಬದಲಾಗಬೇಕು. ಬಾಗಿಲು ತೆರೆಯಬೇಕು. ಲೈಟ್ ಹತ್ತಬೇಕು. ಹೊರಗೆ 'ಕಮಾಂಡರ್ ಅನಿ' ಎಂದು ಬರೆಯಬೇಕು. ಒಳಗೆ ಐದು ಸೀಟು.

ಮಾರ್ಕೆಟಿನ ಸ್ಟೇಷನರಿ ಭಯ್ಯಾನ ಹತ್ತಿರ ಕಪ್ಪು ಚಾರ್ಟ್ ಪೇಪರ್ ಮತ್ತು ಬಿಳಿಯದು ತಂದೆ. ಊಟದ ತಟ್ಟೆ ಇಟ್ಟು ಚಕ್ರ ಬರೆದು ಕತ್ತರಿಸಿ, ಅದರ ಸುತ್ತ ಗ್ರಹಗಳನ್ನು ಬರೆದೆ: ಉಂಗುರದ್ದು, ಕೆಂಪನೆಯದು, ಎರಡು ತಲೆಯ ಪ್ರಾಣಿಗಳಿರುವುದು, ಬರೀ ನೀರಿರುವುದು. ಚಕ್ರವನ್ನು ನೌಕೆಯ ಹಿಂದೆ ಸಿಕ್ಕಿಸಿದರೆ ಕಿಟಕಿಯಲ್ಲಿ ಒಮ್ಮೆಗೆ ಒಂದೇ ಕಾಣಬೇಕು. ಸಿಕ್ಕಿಸಲು ಪಿನ್ನು ಹಾಕಿದರೆ ಬಿಗಿಯಾಗುತ್ತಿತ್ತು, ದಾರ ಹಾಕಿದರೆ ಜೋಲುತ್ತಿತ್ತು. ಅಜ್ಜಿ ಕನ್ನಡಕ ಏರಿಸಿ ನೋಡಿ, ಹೊಲಿಗೆ ಡಬ್ಬಿಯಿಂದ ರವಿಕೆಯ ಒತ್ತುಗುಂಡಿ ಒಂದನ್ನು ಕೊಟ್ಟಳು. ಒಂದು ಭಾಗ ಮುಂದಿನಿಂದ, ಇನ್ನೊಂದು ಹಿಂದಿನಿಂದ, ನಡುವೆ ಕಾಗದ. ಟಕ್ ಎಂದು ಕೂತು ಸರಾಗ ತಿರುಗಿತು. ಅವಳು ತಾನೇ ಎರಡು ಸುತ್ತು ತಿರುಗಿಸಿ ನೋಡಿದಳು.

"ಇದೇನೇ, ಈ ಲೋಕದಲ್ಲಿ ಎಲ್ರಿಗೂ ಎರಡು ತಲೆ?"

"ಹೂಂ ಅಜ್ಜಿ."

"ಒಂದನ್ನ ನಿಮ್ಮಪ್ಪನಿಗೆ ಕೊಡಿಸು."

ದೀಪಕ್ಕೆ ಹಳೆಯ ದೀಪಾವಳಿ ಸರದಿಂದ ಕೆಂಪು ಎಲ್‌ಇಡಿ ಒಂದನ್ನು ಕತ್ತರಿಸಿಕೊಂಡಿದ್ದೆ. ತಂತಿಯ ಬದಲು ರೊಟ್ಟಿ ಸುತ್ತುವ ಫಾಯಿಲನ್ನು ಸಣ್ಣ ಪಟ್ಟಿ ಮಾಡಿ ಅಂಟಿಸುವುದು. ಬಾಗಿಲು ತೆರೆಯಲು ಇಟ್ಟ ಕಾಗದದ ಪಟ್ಟಿ ಎಳೆದಾಗ ಫಾಯಿಲಿನ ಎರಡು ತುದಿ ಸೇರಬೇಕು, ದೀಪ ಹತ್ತಬೇಕು. ಸ್ಕೂಲಿನ ಸೈನ್ಸ್ ಪುಸ್ತಕದಲ್ಲಿ ಅಷ್ಟಿತ್ತು. ಬೇಕಾದದ್ದು ನಾಣ್ಯದ ಹಾಗೆ ಚಪ್ಪಟೆಯಾದ ಸೆಲ್. ಸಂಜೆ ಅಪ್ಪ ಬಂದಾಗ ಕೇಳಿದೆ. ಅವರು ಚಿಕ್ಕ ಕೋಣೆಗೆ ಹೋಗಿ, ಒಗೆದ ಬಟ್ಟೆಗಳ ಕೆಳಗೆ ಬಗ್ಗಿ ಗೋಡೆಯ ಕಪಾಟಿನ ಕೆಳಗಿನ ಡ್ರಾಯರ್ ತೆಗೆದರು. ಅಮ್ಮನ ಔಷಧಿಗಳಿದ್ದ ಡ್ರಾಯರ್ ಅದು. ನಾನು ಹಿಂದೆ ನಿಂತಿದ್ದೆ. ಅದರಲ್ಲಿ ಅವಳ ಸಕ್ಕರೆ ನೋಡುವ ಮೀಟರ್ ಇತ್ತು. ಕೊಡುತ್ತಿದ್ದ ಔಷಧಿಗಳಿಂದ ಅವಳಿಗೆ ಸಕ್ಕರೆ ಏರುತ್ತಿತ್ತು, ದಿನವೂ ಬೆರಳು ಚುಚ್ಚಿ ನೋಡಬೇಕಿತ್ತು. ಅಪ್ಪ ಅದರ ಗುಂಡಿ ಒತ್ತಿದರು. ಕೊನೆಯ ಸಲ ನೋಡಿದ ಅಂಕಿ ಪರದೆಯ ಮೇಲೆ ಬಂತು. ಅವರು ಅದು ತಾನಾಗಿ ಆರುವವರೆಗೆ ನೋಡಿದರು. ಆಮೇಲೆ ಮೀಟರನ್ನು ಊಟದ ಮೇಜಿಗೆ ತಂದು, ಚಮಚದ ಹಿಡಿಯಿಂದ ಹಿಂದಿನ ಮುಚ್ಚಳ ಮೀಟಿ ಸೆಲ್ ತೆಗೆಯತೊಡಗಿದರು. ಅನಿ ಕೆಳಗೆ ಆಡುತ್ತಿದ್ದ. ಹೇಳಬೇಕಾದದ್ದನ್ನು ನಾನು ಆಗ ಹೇಳಿದೆ.

"ಅಪ್ಪ, ವರ್ಷ ಮುಗಿದ ಮೇಲೆ ಅಮ್ಮ ಬರ್ತಾಳೆ ಅಂತ ಅನಿ ಅಂದ್ಕೊಂಡಿದಾನೆ."

ಚಮಚ ನಿಂತಿತು, ಮತ್ತೆ ನಡೆಯಿತು.

"ಅವನೇ ಹೇಳಿದ್ನಾ?"

"ಅಮ್ಮ ಬರೋದೂ ಲೇಟಾ ಅಂತ ಕೇಳಿದ."

ಸೆಲ್ ಜಾರಿ ಮೇಜಿನ ಮೇಲೆ ಬಿತ್ತು. ಅಪ್ಪ ಅದನ್ನು ಕರವಸ್ತ್ರದಲ್ಲಿ ಒರೆಸಿ ನನ್ನ ಕೈಗೆ ಕೊಟ್ಟರು. ಮೇಜಿನ ಮೇಲಿದ್ದ ನೌಕೆಯನ್ನು ಎತ್ತಿಕೊಂಡು ಒಳಭಾಗ ನೋಡಿದರು. ಸೀಟುಗಳನ್ನು ಪೆನ್ಸಿಲಿನಲ್ಲಿ ಗುರುತು ಮಾಡಿದ್ದೆ, ಜನರನ್ನು ಇನ್ನೂ ಬರೆದಿರಲಿಲ್ಲ.

"ಅವನು ಐದು ಅಂದಿದಾನೆ," ಎಂದೆ. "ಐದು ಬರೀಲಾ, ನಾಲ್ಕಾ?"

"ನಾಲ್ಕು ಬರಿ," ಎಂದರು ಅಪ್ಪ. ನೌಕೆಯನ್ನು ಕೆಳಗಿಟ್ಟು, "ಉಳಿದದ್ದು ನಾನು ಹೇಳ್ತೀನಿ," ಎಂದರು.

ನಾನು ಐದನೆಯ ಸೀಟನ್ನು ರಬ್ಬರಿನಿಂದ ಒರೆಸಿ, ಉಳಿದ ನಾಲ್ಕನ್ನು ಸ್ವಲ್ಪ ಅಗಲ ಮಾಡಿ ಜಾಗ ತುಂಬಿಸಿದೆ. ಅಪ್ಪನಿಗೆ ಕನ್ನಡಕ, ಅಜ್ಜಿಗೆ ಹೆಲ್ಮೆಟ್ಟಿನೊಳಗೆ ತುರುಬು, ನನಗೆ ಎರಡು ಜಡೆ, ಅನಿಗೆ ಮುಂದಿನ ಸೀಟು.

ಅಂಟು ಅಜ್ಜಿಯದು. ಅಂಗಡಿಯ ಗೋಂದು ಎರಡು ದಿನಕ್ಕೆ ಬಿಟ್ಟುಕೊಳ್ಳುತ್ತದೆಂದು ಅವಳು ಮೈದಾ ಕಾಯಿಸಿ, ಹುಳ ಹಿಡಿಯದಿರಲೆಂದು ಪಟಿಕದ ಪುಡಿ ಹಾಕಿ ಅಂಟು ಮಾಡಿದಳು. ಅವಳ ಕಾಲದಲ್ಲಿ ಪುಸ್ತಕಗಳಿಗೆ ಹಾಗೇ ರಟ್ಟು ಹಾಕುತ್ತಿದ್ದರಂತೆ. ಫಾಯಿಲ್ ಪಟ್ಟಿಗಳನ್ನು ಅದರಲ್ಲೇ ಅಂಟಿಸಿದೆ. ಸೆಲ್ ಕೂರಿಸಿದ ತಕ್ಷಣ, ಪಟ್ಟಿ ಎಳೆಯದೆಯೇ, ಬಾಗಿಲು ಮುಚ್ಚಿದ್ದಾಗಲೇ, ದೀಪ ಮಂಕಾಗಿ ಹತ್ತಿಕೊಂಡಿತು. ಎಲ್ಲಿ ತಪ್ಪಿದೆಯೆಂದು ತಿಳಿಯದೆ ಸೆಲ್ ತೆಗೆದೆ, ಹಾಕಿದೆ. ಅಪ್ಪ ಬಂದು ಬೆರಳಿಟ್ಟು ನೋಡಿ, ಅಂಟು ಹಸಿಯಾಗಿದೆ, ಪಟಿಕದ ಉಪ್ಪಿನಲ್ಲಿ ಕರೆಂಟ್ ಹರಿಯುತ್ತಿದೆ, ಒಣಗಲಿ ಎಂದರು. ಒಣಗಲು ಆ ಹವೆಯಲ್ಲಿ ಇದ್ದದ್ದು ಚಿಕ್ಕ ಕೋಣೆಯೊಂದೇ. ಬಟ್ಟೆಗಳ ನಡುವೆ ಜಾಗ ಮಾಡಿ, ಮಂಚದ ಗುರುತುಗಳಿದ್ದ ಕಡೆ ಪೇಪರ್ ಹಾಸಿ, ನೌಕೆಯನ್ನು ಬಿಚ್ಚಿಟ್ಟು ಫ್ಯಾನ್ ಹಾಕಿದೆವು. ಎರಡು ದಿನ ಹಾಗೇ ಬಿಟ್ಟೆವು. ಹೋಗುತ್ತ ಬರುತ್ತ ಎಲ್ಲರೂ ಆ ಕೋಣೆಯ ಬಾಗಿಲಲ್ಲಿ ಒಮ್ಮೆ ಇಣುಕುತ್ತಿದ್ದರು, ಅಜ್ಜಿಯೂ.

ಶನಿವಾರವೂ ಅನಿಗೆ ಸ್ಕೂಲಿತ್ತು. ಬೆಳಗ್ಗೆ ಉಪ್ಪಿಟ್ಟು. ಅವನು ಯೂನಿಫಾರ್ಮಿನಲ್ಲಿ ಮೇಜಿಗೆ ಬಂದು ಕೂತಾಗ ತಟ್ಟೆಯ ಪಕ್ಕದಲ್ಲಿ ಕಾರ್ಡ್ ಇಟ್ಟೆ. ಚಕ್ರ ತಿರುಗಿಸಿದ. ನೀರಿನ ಗ್ರಹ ಬಂದಾಗ ನಿಲ್ಲಿಸಿ, ಮತ್ತೆ ತಿರುಗಿಸಿ, ಎರಡು ತಲೆಯವರನ್ನು ನೋಡಿ ನಕ್ಕ. ಪಟ್ಟಿ ಎಳೆದ. ಬಾಗಿಲು ತೆರೆಯಿತು, ಕೆಂಪು ದೀಪ ಸರಿಯಾಗಿ ಹತ್ತಿತು. ಒಳಗೆ ಬೆರಳಿಟ್ಟು ಒಬ್ಬೊಬ್ಬರನ್ನೇ ಮುಟ್ಟಿದ.

"ಅಕ್ಕ, ನೀನು ಭೂಲ್ ಗಯೀ. ಅಮ್ಮ ಎಲ್ಲಿ?"

ಅಪ್ಪ ಚಹಾದ ಲೋಟ ಕೆಳಗಿಟ್ಟರು. ಅವರು ಎದ್ದು ಬರಲಿಲ್ಲ, ಅವನನ್ನು ಎತ್ತಿಕೊಳ್ಳಲೂ ಇಲ್ಲ. ಕೂತಲ್ಲಿಂದಲೇ, ಆಫೀಸಿನಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು.

"ಅಕ್ಕ ಮರೆತಿಲ್ಲ, ಅನಿ. ನಾಲ್ಕು ಬರಿ ಅಂತ ನಾನೇ ಹೇಳಿದೆ. ಅಮ್ಮ ಸತ್ತುಹೋಗಿದಾಳೆ. ವರ್ಷ ಮುಗಿದ್ರೂ ಬರಲ್ಲ. ಎಲ್ಲ ಮೊದಲಿನ ಥರ ಆಗತ್ತೆ ಅಂತ ನಾನು ಅಂದಿದ್ದು ತಪ್ಪು."

ಅಡುಗೆಮನೆಯಿಂದ ಅಜ್ಜಿ ಸೌಟು ಹಿಡಿದೇ ಬಂದಳು.

"ಹುಟ್ಟಿದ ದಿನ ಮಗೂಗೆ ಆಡೋ ಮಾತೇನೋ ಇದು, ಸೀನು?"

"ಯಾವತ್ತು ಆಡ್ಲಿ, ಅಮ್ಮ? ಪಂಚಾಂಗ ನೋಡಿ ಹೇಳು."

ಅಜ್ಜಿಯ ಸೌಟಿನಿಂದ ತುಪ್ಪದ ಒಂದು ಹನಿ ನೆಲಕ್ಕೆ ಬಿತ್ತು, ಅವಳು ಅದನ್ನು ಕಾಲಿನಿಂದಲೇ ಒರೆಸಿದಳು. ಅನಿ ಅಪ್ಪನ ಮುಖ ನೋಡಿದ, ನನ್ನ ಮುಖ ನೋಡಿದ. ಅವನು ಅಳುತ್ತಾನೆಂದು ನಾನು ಕಾದೆ. ಅಪ್ಪನೂ ಕಾಯುತ್ತಿದ್ದರೆಂದು ಕಾಣುತ್ತದೆ, ಏಕೆಂದರೆ ಅವರ ಕುರ್ಚಿ ಮೇಜಿನಿಂದ ಸ್ವಲ್ಪ ಹಿಂದಕ್ಕೆ ಸರಿದಿತ್ತು. ಅವನು ಪಟ್ಟಿಯನ್ನು ಒಳಗೆ ತಳ್ಳಿ ದೀಪ ಆರಿಸಿದ. ಉಪ್ಪಿಟ್ಟು ತಿಂದ, ಕರಿಬೇವಿನ ಎಲೆಗಳನ್ನು ಎಂದಿನಂತೆ ತಟ್ಟೆಯ ಅಂಚಿಗೆ ಸರಿಸಿಟ್ಟ. ನೀರು ಕುಡಿದ. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ಇದನ್ನ ಸ್ಕೂಲಿಗೆ ತಗೊಂಡು ಹೋಗ್ಲಾ?"

"ತಗೊಂಡು ಹೋಗು," ಎಂದರು ಅಪ್ಪ.

ನನಗೆ ಆ ದಿನ ರಜ. ಅವನನ್ನು ಸೊಸೈಟಿಯ ಗೇಟಿನ ಹತ್ತಿರ, ಸ್ಕೂಲ್ ಬಸ್ ನಿಲ್ಲುವ ಜಾಗಕ್ಕೆ ಕರೆದುಕೊಂಡು ಹೋದೆ. ಎರಡನೇ ಬ್ಲಾಕಿನ ಕಬೀರ್, ಅವನ ಕ್ಲಾಸಿನವನು, ಆಗಲೇ ಬಂದು ನಿಂತಿದ್ದ. ಅನಿ ಕಾರ್ಡನ್ನು ಬ್ಯಾಗಿನಿಂದ ತೆಗೆದು ತೋರಿಸಿದ.

"ಯೇ ಕ್ಯಾ ಹೈ?"

"ಸ್ಪೇಸ್‌ಶಿಪ್. ದೀದಿ ನೇ ಬನಾಯಾ."

ಕಬೀರ್ ಚಕ್ರ ತಿರುಗಿಸಿ, ಬಾಗಿಲ ಸಂದಿಯಿಂದ ಒಳಗೆ ನೋಡಿದ. ಬೆರಳಿಟ್ಟು ಗುರುತು ಹಿಡಿದ: ಇವರು ಪಾಪಾ, ಇವರು ಅಜ್ಜಿ, ಇದು ದೀದಿ, ಇದು ನೀನು.

"ಔರ್ ಮಮ್ಮೀ?"

"ಮರ್ ಗಯೀ," ಎಂದ ಅನಿ.

ಕಬೀರ್ ತಲೆಯೆತ್ತಿ ನನ್ನ ಕಡೆ ನೋಡಿದ. ಅಮ್ಮ ಸತ್ತದ್ದು ನಿಜವೋ ಅಲ್ಲವೋ ಎಂದು ದೊಡ್ಡವರಿಂದ ಖಾತರಿ ಮಾಡಿಕೊಳ್ಳುವ ನೋಟ. ನಾನು ಹೌದೆಂದು ತಲೆಯಾಡಿಸಿದೆ. ಅನಿ ಪಟ್ಟಿಯ ತುದಿಯನ್ನು ಅವನ ಬೆರಳಿಗೆ ಕೊಟ್ಟು, ಜೋರಾಗಿ ಎಳೆಯಬೇಡ, ಮೆಲ್ಲಗೆ ಎಳೆದರೆ ಲೈಟ್ ಹತ್ತುತ್ತದೆ ಎಂದು ಹಿಂದಿಯಲ್ಲಿ ವಿವರಿಸಿದ. ಕಬೀರ್ ಮೆಲ್ಲಗೆ ಎಳೆದ. ಬಿಸಿಲಿನಲ್ಲಿ ದೀಪ ಹತ್ತಿದ್ದು ಕಾಣದೆ, ಇಬ್ಬರೂ ಅದರ ಮೇಲೆ ಅಂಗೈ ಮುಚ್ಚಿ ಬಗ್ಗಿ ನೋಡಿದರು.

"ಆಜ್ ತೇರಾ ಬರ್ತ್‌ಡೇ ಹೈ?"

"ಹಾಂ," ಎಂದ ಅನಿ, ಅಂಗೈಗಳ ನಡುವೆ ನೋಡುತ್ತಲೇ. "ಸಾತ್ ಕಾ ಹೋ ಗಯಾ."